ಪ್ರಪಿತಾಮಹನ ಆಚೆಯ ಬಂಧುಗಳು

ನಮ್ಮ ತಂದೆಯವರು ಹರಿಪಾದವನ್ನು ಸೇರಿದ್ದು ೨೦೧೦ರಲ್ಲಿ. ಹನ್ನೆರಡನೆಯ ದಿನದ ಸಪಿಂಡೀಕರಣದಲ್ಲಿ ಪುರೋಹಿತರು ಕೇಳಿದ ಮೂರು ಹೆಸರುಗಳನ್ನು ಹೇಳಿದೆನು: ತಂದೆಯವರ ತಂದೆ, ಅವರ ತಂದೆ, ಅವರ ತಂದೆ. ಪ್ರೇತಪಿಂಡವನ್ನು ಮೂರು ಭಾಗ ಮಾಡಿ ಆ ಮೂವರ ಪಿಂಡಗಳೊಡನೆ ಕೂಡಿಸಿದ್ದಾಯಿತು. ಮುಂದಿನ ಮಾಸಿಕದಲ್ಲಿ ಮತ್ತೆ ಹೆಸರು ಕೇಳಿದಾಗ, ಬಾಲ್ಯದಿಂದ ತಂದೆಯವರ ಬಾಯಿಂದ ಕೇಳಿ ಕಂಠಸ್ಥವಾಗಿದ್ದ ಆ ಮೂರನ್ನೇ ಅಭ್ಯಾಸಬಲದಿಂದ ಹೇಳಿಬಿಟ್ಟೆ. ಪುರೋಹಿತರು ತಿದ್ದಿದರು. “ಈಗ ನಿಮ್ಮ ತಂದೆಯವರು ಮೊದಲು. ಕೊನೆಯ ಹೆಸರು ಇನ್ನು ಬರುವುದಿಲ್ಲ” ಎಂದರು.

ಶ್ರಾದ್ಧದಲ್ಲಿ ವಸು, ರುದ್ರ, ಆದಿತ್ಯರೂಪರಾದ ಮೂವರಿಗೆ, ಅವರ ಅಂತರ್ಗತರಾದ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರೂಪಿಯಾದ ಭಗವಂತನ ಅನುಸಂಧಾನದೊಡನೆ ಪಿಂಡಪ್ರದಾನವೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ವಿಷಯ. ಆದರೆ ಪ್ರತಿ ತಲೆಮಾರಿನಲ್ಲಿಯೂ ಒಂದು ಹೆಸರು ಮೇಲಿನಿಂದ ಕಳಚಿಹೋಗುತ್ತದೆ ಎಂಬುದು ಆ ದಿನದವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಕಳಚಿದವರನ್ನು ಧರ್ಮಶಾಸ್ತ್ರ ಪೂರ್ತಿಯಾಗಿ ಬಿಟ್ಟಿಲ್ಲ. ಪಿಂಡವಿಟ್ಟ ಕೈಯ ಲೇಪವನ್ನು ದರ್ಭೆಗೆ ಒರೆಸಿದಾಗ ಅದು ಪ್ರಪಿತಾಮಹನಿಂದ ಮೇಲಿನ ಮೂವರಿಗೆ ಸಲ್ಲುತ್ತದೆ, ಅವರು ಲೇಪಭಾಗಿಗಳು. ಪಿಂಡಭಾಗಿಗಳು ಮೂವರು, ಲೇಪಭಾಗಿಗಳು ಮೂವರು, ಕೊಡುವವನು ಒಬ್ಬ, ಹೀಗೆ ಏಳು ತಲೆಯವರೆಗೆ ಸಾಪಿಂಡ್ಯ. ಆದರೆ ಲೇಪಭಾಗಿಗಳಿಗೆ ಹೆಸರಿಲ್ಲ. ಹೆಸರು ಹೋದ ಮೇಲೆ ಅವರಿಂದ ಕವಲೊಡೆದ ಬಂಧುಗಳೂ ಹೋದಂತೆಯೇ. ನನಗೆ ಕಳಚಿಹೋದ ಹೆಸರು ನನ್ನ ಪ್ರಪಿತಾಮಹರ ತಂದೆಯವರದು. ಅವರಿಗೊಬ್ಬ ತಮ್ಮನಿದ್ದನೆಂದೂ ಆ ತಮ್ಮನ ಸಂತಾನ ಇನ್ನೂ ಇದೆಯೆಂದೂ ನನಗೆ ತಿಳಿದದ್ದು ಆ ಮಾಸಿಕದ ನಂತರವೇ.

ಮನೆಯ ಹಳೆಯ ಪೆಟ್ಟಿಗೆಯಲ್ಲಿ ಒಂದು ಕುರ್ಸಿನಾಮೆ ಇತ್ತು. ಮುಂಬಯಿ ಕರ್ನಾಟಕದ ಕಡೆ ವಂಶಾವಳಿಯ ಕಾಗದಕ್ಕೆ ಇದೇ ಹೆಸರು. ಕುಲಕರ್ಣಿ, ದೇಶಪಾಂಡೆ, ನಾಡಗೌಡ ಮುಂತಾದ ವತನದಾರ ಮನೆಗಳಲ್ಲಿ ಇಂತಹ ಕಾಗದಗಳು ಹೆಚ್ಚು. ಏಕೆಂದರೆ ವತನವಿದ್ದಲ್ಲಿ ವ್ಯಾಜ್ಯವಿರುತ್ತದೆ, ವ್ಯಾಜ್ಯವಿದ್ದಲ್ಲಿ ವಂಶಾವಳಿ ಬೇಕಾಗುತ್ತದೆ. ೧೮೭೪ರ ವತನ ಕಾಯಿದೆ ಬಂದ ಮೇಲೆ ವತನದಾರರ ವಾರಸುದಾರಿಕೆಯನ್ನು ಸರಕಾರಿ ದಫ್ತರದಲ್ಲಿ ನಮೂದಿಸಬೇಕಾಯಿತು. ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ೧೯೫೦ರ ಕಾಯಿದೆಯಿಂದ ರದ್ದುಪಡಿಸುವವರೆಗೆ ಈ ಕಾಗದಗಳಿಗೆ ಬೆಲೆಯಿತ್ತು. ಅನಂತರ ಇಲಿಗಳ ಪಾಲಾದುವು. ನಮ್ಮ ಮನೆಯ ಪ್ರತಿ ೧೮೯೬ರದು. ಮೂಲಪುರುಷನ ಕೆಳಗೆ ಇಬ್ಬರು ಗಂಡುಮಕ್ಕಳ ಹೆಸರು. ಅಣ್ಣನ ಕೆಳಗೆ ನಮ್ಮ ಶಾಖೆಯೆಲ್ಲ ಹರಡಿದೆ. ತಮ್ಮನ ಹೆಸರಿನ ಕೆಳಗೆ ಒಂದೇ ಪದ: ‘ಲಾವಲ್ದ’. ಸಂತಾನವಿಲ್ಲದೆ ಹೋದವನು ಎಂದರ್ಥ.

ಇಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ಆದರೆ ಅದೇ ಪೆಟ್ಟಿಗೆಯಲ್ಲಿದ್ದ ಜಾತಕಗಳ ಕಟ್ಟಿನಲ್ಲಿ, ಆ ತಮ್ಮನ ಜಾತಕದ ಬೆನ್ನಿಗೆ ಯಾರೋ ಒಂದು ಸಾಲು ಬರೆದಿದ್ದರು: ಧಾತು ಸಂವತ್ಸರದಲ್ಲಿ ದಕ್ಷಿಣಕ್ಕೆ ಹೋದದ್ದು. ಇಲ್ಲಿ ನಾನೊಂದು ದಡ್ಡತನ ಮಾಡಿದೆ. ಆ ಸಾಲು ತೀರ ಹಳೆಯದಿರಲಾರದೆಂದುಕೊಂಡು ಧಾತುವನ್ನು ೧೯೩೬ ಎಂದು ಲೆಕ್ಕ ಹಾಕಿದೆ. ಆ ಕಾಲದಲ್ಲಿ ಮನೆ ಬಿಟ್ಟುಹೋದ ದೊಡ್ಡಪ್ಪನೊಬ್ಬರ ಕಥೆ ಮನೆಯಲ್ಲಿ ಕೇಳಿದ್ದೆನಾದ್ದರಿಂದ ಜಾತಕಗಳೇ ಅದಲುಬದಲಾಗಿವೆ ಎಂದು ಕಟ್ಟನ್ನು ಕಟ್ಟಿಟ್ಟೆ. ಪ್ರಭವಾದಿ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ. ಶಕವರ್ಷವಿಲ್ಲದ ಸಂವತ್ಸರವನ್ನು ನಂಬಿದವನು ಒಂದು ತಲೆಮಾರಲ್ಲ, ಎರಡು ತಲೆಮಾರು ತಪ್ಪುತ್ತಾನೆ. ಧಾತು ೧೯೩೬ರಲ್ಲಿ ಬಂದಂತೆ ೧೮೭೬ರಲ್ಲಿಯೂ ಬಂದಿತ್ತು. ಆ ವರ್ಷ ನೆನಪಾದ ಕೂಡಲೇ ಆ ಸಾಲಿನ ಅರ್ಥ ಬೇರೆಯಾಯಿತು.

೧೮೭೬ರಿಂದ ೭೮ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದೇ ಕರೆಯುತ್ತಿದ್ದರು. ಮದರಾಸು ಮತ್ತು ಮುಂಬಯಿ ಇಲಾಖೆಗಳು, ಮೈಸೂರು, ಹೈದರಾಬಾದು, ಎಲ್ಲವೂ ಅದರ ಬಾಯಿಗೆ ಸಿಕ್ಕವು. ಕನ್ನಡ ನಾಡಿನಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳ ಗತಿ ಹೇಳತೀರದು. ಕಲಾದಗಿ ಜಿಲ್ಲೆಯ ಜನಸಂಖ್ಯೆ ೧೮೭೨ರ ಮತ್ತು ೧೮೮೧ರ ಜನಗಣತಿಗಳ ನಡುವೆ ಸುಮಾರು ಐದರಲ್ಲೊಂದು ಭಾಗ ಕುಗ್ಗಿತು. ಸತ್ತವರಲ್ಲದೆ ಊರು ಬಿಟ್ಟವರೂ ಇದ್ದರು. (ಸಂಶೋಧನೆ ಮಾಡುವವರು ಗಮನಿಸಬೇಕಾದ ಒಂದು ಮಾತು: ಆ ಕಲಾದಗಿ ಜಿಲ್ಲೆಯೇ ಮುಂದೆ ೧೮೮೫ರ ಸುಮಾರಿಗೆ ಬಿಜಾಪುರ ಜಿಲ್ಲೆಯಾಯಿತು, ಅದರಿಂದ ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಯಿತು, ಬಿಜಾಪುರ ೨೦೧೪ರಲ್ಲಿ ವಿಜಯಪುರವಾಯಿತು. ಒಂದೇ ಊರಿನ ಕಾಗದವನ್ನು ಮೂರು ಹೆಸರಿನಲ್ಲಿ ಹುಡುಕಬೇಕು.)

ಊರು ಬಿಟ್ಟವರು ದಕ್ಷಿಣಕ್ಕೇ ಏಕೆ ಹೋದರು? ರಾಯಚೂರಿನಲ್ಲಿ ೧೮೭೧ರಲ್ಲೇ ಮುಂಬಯಿ ಕಡೆಯ ರೈಲುದಾರಿಯೂ ಮದರಾಸು ಕಡೆಯ ರೈಲುದಾರಿಯೂ ಕೂಡಿದ್ದವು. ಕೃಷ್ಣಾತೀರದ ನಮ್ಮ ಹಳ್ಳಿಯಿಂದ ಹೇಗಾದರೂ ಮಾಡಿ ರಾಯಚೂರು ಸೇರಿದರೆ ಮುಂದೆ ಗಾಡಿಯುಂಟು. ಮಳೆ ಎಲ್ಲೆಡೆ ಕೈಕೊಟ್ಟಾಗಲೂ ಕಾವೇರಿಯ ಕಾಲುವೆಗಳ ತಂಜಾವೂರು ಸೀಮೆಯಲ್ಲಿ ಭತ್ತವಿತ್ತು. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ನಮ್ಮವರಿದ್ದರು. ಶ್ರೀವಿಜಯೀಂದ್ರತೀರ್ಥರ ವೃಂದಾವನ ಕುಂಭಕೋಣದಲ್ಲಿದೆ. ಶ್ರೀರಾಘವೇಂದ್ರತೀರ್ಥರ ಸಂನ್ಯಾಸಸ್ವೀಕಾರವಾದದ್ದು ತಂಜಾವೂರಿನಲ್ಲಿ. ನಾಯಕರ ಕಾಲದಿಂದ ಬೇರೂರಿದ್ದ ಈ ನೆಲೆಗೆ ಮರಾಠಾ ಅರಸರ ಕಾಲದಲ್ಲಿ ದೇಶಸ್ಥ ಮನೆತನಗಳು ಬಂದು ಸೇರಿದವು. ತಿರುವಾಂಕೂರು, ಇಂದೂರು, ಬರೋಡಾಗಳ ದಿವಾನರಾಗಿದ್ದ ಸರ್ ಟಿ. ಮಾಧವರಾಯರು, ಮೈಸೂರಿನ ದಿವಾನರಾಗಿದ್ದ ವಿ. ಪಿ. ಮಾಧವರಾಯರು, ಇಬ್ಬರೂ ಕುಂಭಕೋಣದಲ್ಲಿ ಹುಟ್ಟಿದವರು. ದಿವಾನರ ವಂಶಾವಳಿಗಳು ಪುಸ್ತಕಗಳಲ್ಲಿ ಸಿಗುತ್ತವೆ. ಬರಗಾಲದಲ್ಲಿ ಒಂದು ಗಂಟು ಹೊತ್ತು ಹೊರಟ ಕುಲಕರ್ಣಿಯ ತಮ್ಮನದು ಎಲ್ಲಿ ಸಿಗಬೇಕು?

ಸಿಕ್ಕದ್ದು ಗಯೆಯಲ್ಲಿ. ೨೦೧೧ರ ಪಕ್ಷಮಾಸದಲ್ಲಿ ತಂದೆಯವರ ಗಯಾಶ್ರಾದ್ಧಕ್ಕೆಂದು ಹೋಗಿದ್ದೆನೇ ಹೊರತು ವಂಶಾವಳಿಗಾಗಿ ಅಲ್ಲ. ಫಲ್ಗು, ಅಕ್ಷಯವಟ, ೧೭೮೭ರಲ್ಲಿ ಅಹಲ್ಯಾಬಾಯಿ ಹೋಳಕರರು ಕಟ್ಟಿಸಿದ ವಿಷ್ಣುಪಾದ ಮಂದಿರ, ಇವನ್ನು ಕಂಡ ಓದುಗರು ಅನೇಕರಿರಬಹುದು. ಉತ್ತರದ ಕ್ಷೇತ್ರಗಳ ಪಂಡಾಗಳಲ್ಲಿ ಗಯಾವಾಳರು ನಮಗೆ ಪರಕೀಯರಲ್ಲ. ಅವರು ಮಾಧ್ವಪರಂಪರೆಗೆ ಸೇರಿದವರು, ಶ್ರೀವಿದ್ಯಾಧೀಶತೀರ್ಥರ ಕಾಲದಲ್ಲಿ ಅವರ ಪೂರ್ವಜರು ಈ ಮತವನ್ನು ಸ್ವೀಕರಿಸಿದರೆಂದು ಸಂಪ್ರದಾಯಜ್ಞರು ಹೇಳುತ್ತಾರೆ. ಬಿಹಾರದ ಆ ಊರಿನ ಒಂದು ಓಣಿಯಲ್ಲಿ ಗೋಪೀಚಂದನದ ನಾಮ ಮುದ್ರೆಗಳನ್ನು ಕಂಡಾಗ ಆಗುವ ಸಮಾಧಾನವೇ ಬೇರೆ.

ಪಂಡಾಗಳ ಮನೆಗಳಲ್ಲಿ ಯಜಮಾನರ ವಹಿಗಳಿರುತ್ತವೆ. ಹರಿದ್ವಾರದಲ್ಲಿ, ನಾಸಿಕ-ತ್ರ್ಯಂಬಕದಲ್ಲಿ, ಪ್ರಯಾಗದಲ್ಲಿ ಕೂಡ ಈ ಪದ್ಧತಿಯುಂಟು. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘದವರು ಮೈಕ್ರೋಫಿಲ್ಮಿನಲ್ಲಿ ಇಳಿಸಿಕೊಂಡಿದ್ದಾರೆ. ಕ್ಷೇತ್ರಕ್ಕೆ ಬಂದವನು ತನ್ನ ಮೂಲಗ್ರಾಮ, ಗೋತ್ರ, ಹಿರಿಯರು, ಅಣ್ಣತಮ್ಮಂದಿರು, ಮಕ್ಕಳು, ಇವರ ಹೆಸರುಗಳನ್ನು ಬರೆದು ರುಜು ಹಾಕಿ ಹೋಗುತ್ತಾನೆ. ಇದರ ಮುಖ್ಯ ಗುಣವೆಂದರೆ ವಹಿಯು ನೋಡುವುದು ಮೂಲಗ್ರಾಮವನ್ನು, ನೀವು ಈಗ ಇರುವ ಊರನ್ನಲ್ಲ. ಪುಣೆಯಿಂದ ಹೋದ ನನಗೂ ಅವರು ತೆರೆದದ್ದು ಕೃಷ್ಣಾತೀರದ ಹಳ್ಳಿಯ ಪುಟವನ್ನೇ. ಸರಕಾರದ ದಫ್ತರವು ಊರು ಬಿಟ್ಟವನನ್ನು ಅಲ್ಲಿಗೇ ಮರೆಯುತ್ತದೆ, ಪಂಡಾ ಮರೆಯುವುದಿಲ್ಲ.

ಆ ಪುಟಗಳು ಮೋಡಿ ಲಿಪಿಯಲ್ಲಿದ್ದವು. ನನಗೆ ಮೋಡಿ ಬಾರದು. ಛಾಯಾಚಿತ್ರ ತೆಗೆದುಕೊಂಡು ಬಂದು ಪುಣೆಯಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರ ಮುಂದಿಟ್ಟೆ. ಅವರಿಗೆ ಬಿಡುವು ಸಿಕ್ಕದ್ದು ಮೂರು ತಿಂಗಳ ಮೇಲೆ. ನಮ್ಮ ಹಳ್ಳಿಯ ಹೆಸರಿನಲ್ಲಿ ಎರಡು ಹಳೆಯ ಲೇಖಗಳಿದ್ದವು. ಮೊದಲನೆಯದು ಶಕ ೧೮೧೦, ಅಂದರೆ ೧೮೮೮ರದು. ಮೂಲಗ್ರಾಮ ನಮ್ಮದೇ, ಗೋತ್ರ ನಮ್ಮದೇ, ತಂದೆಯ ಹೆಸರು ಕುರ್ಸಿನಾಮೆಯ ಮೂಲಪುರುಷನದೇ. ಹಾಲಿ ವಾಸ ಕುಂಭಕೋಣ. ಅಣ್ಣನ ಹೆಸರು ಬರೆದು, ಊರಿನಲ್ಲಿದ್ದಾನೆ ಎಂದು ಸೇರಿಸಲಾಗಿತ್ತು. ಕೆಳಗೆ ಇಬ್ಬರು ಗಂಡುಮಕ್ಕಳ ಹೆಸರು. ರುಜು ಮಾತ್ರ ಕನ್ನಡದಲ್ಲಿತ್ತು. ಅದನ್ನು ಮೂರು ತಿಂಗಳ ಹಿಂದೆಯೇ ನಾನು ಓದಬಹುದಾಗಿತ್ತು, ನೋಡಿರಲಿಲ್ಲ.

ಎರಡನೆಯ ಲೇಖ ಅದೇ ವಹಿಯಲ್ಲಿ, ಅದರ ಮುಂದಿನ ಹಾಳೆಯಲ್ಲಿ. ಶಕ ೧೮೧೪. ಬರೆದವರು ನನ್ನ ಪ್ರಪಿತಾಮಹರ ತಂದೆ.

ಮೋಡಿ ಓದಿದ ಹಿರಿಯರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಹೊಸ ಯಜಮಾನನಿಗೆ ಅವನ ಮನೆತನದ ಹಿಂದಿನ ಲೇಖಗಳನ್ನು ಓದಿ ಹೇಳಿದ ಮೇಲೆಯೇ ಪಂಡಾ ಲೇಖನಿಯನ್ನು ಕೈಗೆ ಕೊಡುತ್ತಾನೆ. ಹಾಗಾದರೆ ೧೮೯೨ರಲ್ಲಿ ಅಣ್ಣನಿಗೆ ತಮ್ಮ ಬದುಕಿದ್ದದ್ದು, ಅವನಿಗೆ ಇಬ್ಬರು ಮಕ್ಕಳಿದ್ದದ್ದು, ಕುಂಭಕೋಣದಲ್ಲಿದ್ದದ್ದು ತಿಳಿದಿತ್ತು. ನಾಲ್ಕು ವರ್ಷಗಳ ಮೇಲೆ ಅದೇ ಅಣ್ಣ ಸರಕಾರದ ಮುಂದೆ ‘ಲಾವಲ್ದ’ ಎಂದು ಬರೆಸಿದ್ದಾರೆ. ಆ ನಡುವೆ ತಮ್ಮನೂ ಮಕ್ಕಳೂ ತೀರಿಹೋದ ಸುದ್ದಿ ಬಂದಿರಬಹುದು ಎಂದು ನನ್ನ ಮನಸ್ಸಿಗೆ ನಾನೇ ಬಹಳ ದಿನ ಸಮಾಧಾನ ಹೇಳಿಕೊಂಡೆ. ವತನದ ಅರ್ಧಪಾಲು ಸಣ್ಣದೇನಲ್ಲ. ಬರದ ಎರಡು ವರ್ಷ ಹೊಲವನ್ನು ಕಾದುಕೊಂಡು ಕುಳಿತವನು ತಾನು, ಬಿಟ್ಟುಹೋದವನು ತಮ್ಮ ಎಂಬ ಮಾತೂ ಇದ್ದಿರಬೇಕು. ಅವರ ಪಕ್ಷದಲ್ಲಿ ಇಷ್ಟು ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸು ಬಾರದು.

ಕುಂಭಕೋಣಕ್ಕೆ ಹೋದದ್ದು ೨೦೧೩ರಲ್ಲಿ. ಅಗ್ರಹಾರದ ಮನೆಗಳು ಬಹುಪಾಲು ಕೈ ಬದಲಾಯಿಸಿದ್ದವು. ಹೆಸರು ಹೇಳಿ ವಿಚಾರಿಸಿದರೆ ಪ್ರಯೋಜನವಿರಲಿಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ನಮ್ಮ ಪದ್ಧತಿಯಿಂದ ಒಂದು ಅಗ್ರಹಾರದಲ್ಲಿ ಒಂದೇ ಹೆಸರಿನ ಹತ್ತು ಜನರಿರುತ್ತಾರೆ. ಕೈಹಿಡಿದದ್ದು ಮಠವೊಂದರ ಶಾಶ್ವತಸೇವಾ ಪುಸ್ತಕ. ಯಾರೋ ಎಂದೋ ಸ್ವಲ್ಪ ಹಣ ಕೂಡಿಟ್ಟು, ಇಂಥ ತಿಥಿಗೆ ಇಂಥವರ ಹೆಸರಿನಲ್ಲಿ ಸೇವೆಯಾಗಬೇಕು, ಪ್ರಸಾದವನ್ನು ಈ ವಿಳಾಸಕ್ಕೆ ಕಳಿಸಬೇಕು ಎಂದು ಬರೆಸಿರುತ್ತಾರೆ. ವಾರಸುದಾರರು ಮನೆ ಬದಲಿಸಿದಾಗಲೆಲ್ಲ ಕಾರಕೂನರು ಹಳೆಯ ವಿಳಾಸವನ್ನು ಹೊಡೆದು ಹೊಸದನ್ನು ಬರೆಯುತ್ತಾರೆ. ಇಂತಹ ಪುಸ್ತಕ ಎಲ್ಲ ಮಠಗಳಲ್ಲಿಯೂ ಇದೆ. ಆದರೆ ಅದನ್ನು ಯಾರೂ ವಂಶಾವಳಿಯೆಂದು ತಿಳಿಯುವುದಿಲ್ಲ. ನಮ್ಮ ಗೋತ್ರ, ವಹಿಯಲ್ಲಿದ್ದ ಹಿರಿಯ ಮಗನ ಹೆಸರು, ಪುಷ್ಯಮಾಸದ ಒಂದು ತಿಥಿ. ವಿಳಾಸಗಳು ಮೂರು ಬಾರಿ ತಿದ್ದಿದ್ದವು: ಕುಂಭಕೋಣದಿಂದ ತಿರುಚಿರಾಪಳ್ಳಿ, ಅಲ್ಲಿಂದ ಮದರಾಸಿನ ತಿರುವಲ್ಲಿಕ್ಕೇಣಿ, ಕೊನೆಗೆ ಅದೇ ಪಟ್ಟಣದ ಮತ್ತೊಂದು ಬೀದಿ. ಆ ಕೊನೆಯ ವಿಳಾಸಕ್ಕೆ ಹಿಂದಿನ ವರ್ಷವೂ ಪ್ರಸಾದ ಹೋಗಿತ್ತು.

ವಿಳಾಸ ಒಬ್ಬ ಹೆಣ್ಣುಮಗಳದು. ಆ ತಮ್ಮನ ಮಗನ ಮೊಮ್ಮಗಳು. ಲೆಕ್ಕ ಹಾಕಿದರೆ ನಮ್ಮ ತಂದೆಯವರ ಸಮಪೀಳಿಗೆ, ನನಗೆ ಅತ್ತೆಯಾಗಬೇಕು. ಆಗ ಅವರಿಗೆ ಎಪ್ಪತ್ತೇಳು ವರ್ಷ. ನಾನು ಫೋನಿನಲ್ಲಿ ವಿಷಯ ಹೇಳಿ ಮುಗಿಸುವ ಮೊದಲೇ, “ಊಟಕ್ಕೆ ಬರ್ತೀಯಾ, ಫಲಾಹಾರವಾ? ಏಕಾದಶಿ ಬಿಟ್ಟು ಬಾ” ಎಂದರು. ಹೋದೆ. ಅವರ ಕನ್ನಡದಲ್ಲಿ ಅರ್ಧ ತಮಿಳಿತ್ತು. ಕೃಷ್ಣೆಯನ್ನು ಅವರು ಕಂಡವರಲ್ಲ, ಅವರ ತಂದೆಯೂ ಕಂಡವರಲ್ಲ. ಆದರೆ ಎಲೆಯ ಮೇಲೆ ಬಡಿಸಿದ ಹುಳಿಸೊಪ್ಪಿನ ಪಲ್ಯಕ್ಕೆ, ಅಕ್ಕಪಕ್ಕದವರೆಲ್ಲ ಪುಳಿಚ್ಚಕೀರೆ ಎನ್ನುವ ಸೊಪ್ಪಿಗೆ, “ಇದು ಪುಂಡಿಪಲ್ಯ, ನಮ್ಮನೇಲಿ ಮಾತ್ರ ಹೀಗೆ ಹೇಳ್ತೀವಿ, ಯಾಕೋ ಗೊತ್ತಿಲ್ಲ” ಎಂದರು. ನನಗೆ ಗೊತ್ತಿತ್ತು. ಬಿಜಾಪುರ ಸೀಮೆಯ ಯಾವ ಮನೆಗೆ ಹೋದರೂ ಅದು ಪುಂಡಿಪಲ್ಯವೇ. ಊಟದ ನಡುವೆ ಮಾತು ನಿಂತುಹೋಯಿತು.

ಅವರ ಯಜಮಾನರು ಬರೆದಿಟ್ಟ ಪಕ್ಷಮಾಸದ ಪಟ್ಟಿಯ ಪುಸ್ತಕವನ್ನು ಅನಂತರ ತಂದು ತೋರಿಸಿದರು. ಮಹಾಲಯದಲ್ಲಿ ಸರ್ವಪಿತೃಗಳಿಗೆ ಪಿಂಡವಿಡುವಾಗ ತಂದೆಯ ಕಡೆಯವರು, ಮಾತಾಮಹರ ಕಡೆಯವರು ಅಷ್ಟೇ ಅಲ್ಲ, ಸೋದರಮಾವ, ಸೋದರತ್ತೆ, ಮಾವ, ಭಾವಮೈದುನ, ಗುರು, ಆಪ್ತ, ಎಲ್ಲರನ್ನೂ ಹೆಸರು ಗೋತ್ರ ಹಿಡಿದು ಕರೆಯಬೇಕಷ್ಟೆ. ಆ ಪುಸ್ತಕದಲ್ಲಿ ಶ್ವಶುರ ಎಂಬಲ್ಲಿ ನಮ್ಮ ಗೋತ್ರ, ಆಕೆಯ ತಂದೆಯ ಹೆಸರು. ಶ್ಯಾಲಕ ಎಂಬಲ್ಲಿ ಆಕೆಯ ಒಬ್ಬನೇ ಅಣ್ಣನ ಹೆಸರು. ಅದು ನಮ್ಮ ಮೂಲಪುರುಷನ ಹೆಸರು, ನಮ್ಮ ಚಿಕ್ಕಪ್ಪನವರಿಗೂ ಇಟ್ಟ ಹೆಸರು. ಎರಡು ಶಾಖೆಗಳೂ ಒಂದನ್ನೊಂದು ಅರಿಯದೆ ನೂರಕ್ಕೂ ಹೆಚ್ಚು ವರ್ಷ ಅದೊಂದೇ ಹೆಸರನ್ನು ಕರೆಯುತ್ತ ಬಂದಿದ್ದವು. ಆ ಅಣ್ಣ ಗಂಡುಸಂತಾನವಿಲ್ಲದೆ ೨೦೦೯ರಲ್ಲಿ ತೀರಿಕೊಂಡಿದ್ದರು. ಸಪಿಂಡರು, ನಮಗೆ ಹತ್ತು ದಿನದ ಆಶೌಚ. ಆ ಹತ್ತು ದಿನ ನಾವು ಪುಣೆಯಲ್ಲಿ ಯಾವ ಮದುವೆಯ ಊಟ ಉಂಡೆವೋ, ಯಾವ ಪೂಜೆಗೆ ಕುಳಿತೆವೋ.

ಈಗ ಸರಕಾರದ ನಮೂನೆಯಲ್ಲಿ ವಂಶಾವಳಿ ಬರೆದರೆ ಆ ಶಾಖೆ ನಿಜವಾಗಿಯೂ ಮುಗಿದಂತೆಯೇ ಕಾಣುತ್ತಿತ್ತು. ಹಳೆಯ ಕುರ್ಸಿನಾಮೆಗಳಲ್ಲಿ ಹೆಣ್ಣುಮಕ್ಕಳಿಗೆ ಗೆರೆಯಿಲ್ಲ. ಮಗಳು ಮದುವೆಯಾಗಿ ಬೇರೆ ಗೋತ್ರಕ್ಕೆ ಹೋದಳೆಂದರೆ ಲೇಖನಿ ಅಲ್ಲಿಗೆ ನಿಲ್ಲುತ್ತದೆ. ಆದರೆ ಬದುಕಿರುವ ಬಂಧುಗಳನ್ನು ಹುಡುಕುವವರು ಆ ನಿಂತ ಕಡೆಯಿಂದಲೇ ಆರಂಭಿಸಬೇಕೆಂದು ನನಗೆ ತೋರುತ್ತದೆ. ಅಳಿಯನು ಮಾವನಿಗೆ ಇಡುವ ಪಿಂಡ, ತವರಿನ ಹೆಸರಿನ ಸೇವೆ, ಮದುವೆಯ ಮುಯ್ಯಿ ಬರೆದ ಪಟ್ಟಿ, ಹಳೆಯ ಲಗ್ನಪತ್ರಿಕೆ, ಇವುಗಳಲ್ಲಿ ಹೆಣ್ಣಿನ ಕಡೆಯ ದಾರಿ ತೆರೆದಿರುತ್ತದೆ. ಬಳ್ಳಾರಿ, ಸೇಲಂ, ಕೊಯಮತ್ತೂರು ಕಡೆಯ ಮನೆತನದವರಿಗೆ, ಅವು ಹಳೆಯ ಮದರಾಸು ಇಲಾಖೆಗೆ ಸೇರಿದ್ದರಿಂದ, ೧೮೬೦ರ ದಶಕದ ಇನಾಂ ರಿಜಿಸ್ಟರುಗಳು ಉಪಯುಕ್ತ. ಅವುಗಳಲ್ಲಿ ಇನಾಂದಾರನ ವಯಸ್ಸು, ನಂಟು ಕೂಡ ನಮೂದಾಗಿರುತ್ತವೆ. ಮನೆಯ ಹುಡುಗರು ಎಂಜಲು ಪರೀಕ್ಷೆಯಿಂದ ಡಿಎನ್‌ಎ ನೋಡಿಸಿದರೆ ಸಾಲದೇ ಎಂದು ಕೇಳಿದರು. ಹತ್ತಿರದವರಿಗೆ ಅದು ಸರಿ. ಆದರೆ ಅಕ್ಕನ ಮಗಳನ್ನು, ಸೋದರಮಾವನ ಮಗಳನ್ನು ತಂದುಕೊಳ್ಳುತ್ತ ಬಂದ ನಮ್ಮಂಥ ಮನೆತನಗಳಲ್ಲಿ ಒಂದೇ ರಕ್ತ ಎರಡು ಮೂರು ದಾರಿಯಿಂದ ಮರಳಿ ಬರುವುದರಿಂದ, ದೂರದ ನಂಟನ್ನು ಆ ಪರೀಕ್ಷೆ ಹತ್ತಿರದ್ದೆಂದು ತೋರಿಸಿಬಿಡುತ್ತದೆ. ಅಲ್ಲದೆ ಅದು ಊರಿನ ಹೆಸರನ್ನು ಹೇಳುವುದಿಲ್ಲ.

ಅತ್ತೆಯವರಿಗೆ ಬೇಕಾಗಿದ್ದದ್ದು ಊರಿನ ಹೆಸರೇ. ಅವರ ಮನೆಯಲ್ಲಿ ಸಂಕಲ್ಪದ ಹೊತ್ತಿಗೆ ಹೇಳುವ ಗೋತ್ರ ಉಳಿದಿತ್ತು, ಊರು ಅಳಿಸಿಹೋಗಿತ್ತು. ‘ಕೃಷ್ಣಾ ತೀರ’ ಎಂದಷ್ಟೇ ಗೊತ್ತಿತ್ತು. ಹೆಸರು ಹೇಳಿದೆ. ಅವರು ಎರಡು ಬಾರಿ ಉಚ್ಚರಿಸಿ ನೋಡಿಕೊಂಡರು. “ನಮ್ಮೂರು ಈಗ ಹೇಗಿದೆಯಪ್ಪಾ?” ಎಂದರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರನ್ನು ಮುಳುಗಿಸಿದೆ, ಜನರನ್ನು ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ ನೆಲೆಗೊಳಿಸಿದ್ದಾರೆ, ಹನುಮಪ್ಪನ ಗುಡಿಯನ್ನು ಅಲ್ಲಿಗೇ ತಂದು ಪ್ರತಿಷ್ಠೆ ಮಾಡಿದ್ದಾರೆ ಎಂದು ಹೇಳಬೇಕಾಯಿತು. ೧೯೬೪ರಲ್ಲಿ ಅಡಿಗಲ್ಲು ಹಾಕಿದ ಆ ಕಟ್ಟೆ ಮುಗಿಯುವ ಹೊತ್ತಿಗೆ ನಮ್ಮ ಶಾಖೆಯವರು ಯಾರೂ ಊರಿನಲ್ಲಿರಲಿಲ್ಲ. ಪರಿಹಾರದ ಕಾಗದಕ್ಕೆ ರುಜು ಹಾಕಲು ಮಾತ್ರ ಹೋಗಿದ್ದೆವು.

ಆಮೇಲೆ ‘ಲಾವಲ್ದ’ದ ವಿಷಯ ಹೇಳಿದೆ. ಹೇಳದೆ ಎದ್ದು ಬರಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಆದರೆ ಪರಿಹಾರದ ಹಣ ಬಂದದ್ದು ನಮ್ಮ ಮನೆಗೆ ಮಾತ್ರ. ಆ ಮಾತು ಬಂದ ಮೇಲೆ ಉಳಿದದ್ದನ್ನು ಮುಚ್ಚಿಡುವುದು ಹೇಗೆ? ಕುರ್ಸಿನಾಮೆಯ ಪ್ರತಿಯನ್ನು ಅವರ ಮುಂದೆ ಇಟ್ಟು ಆ ಪದವನ್ನು ಬೆರಳಿನಿಂದ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಅವರಿಗೆ ಆ ಅಕ್ಷರಗಳು ಓದಲು ಬರುತ್ತಿರಲಿಲ್ಲ.

“ನಮ್ಮ ಮುತ್ತಾತಂಗೆ ಇದು ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿರಲಿಕ್ಕಿಲ್ಲ ಅತ್ತೆ. ಗಯೆಯಲ್ಲಿ ಅಣ್ಣನ ಹೆಸರನ್ನು ಬರೆಸಿ ಹೋಗಿದ್ದಾರೆ.”

“ಹಾಗಾದ್ರೆ ಸರಿ” ಎಂದರು. ಸ್ವಲ್ಪ ತಡೆದು, “ಹೊಲವೂ ನೀರಲ್ಲೇ ಇದೆಯಲ್ವಾ?” ಎಂದು ಕೇಳಿ ಒಳಗೆ ಕಾಫಿ ಮಾಡಲು ಎದ್ದರು.

೨೦೧೯ರಲ್ಲಿ ಅತ್ತೆ ತೀರಿಕೊಂಡರು. ಅದಕ್ಕೆ ಮೊದಲು ಎರಡು ಬಾರಿ ಪುಣೆಗೆ ಬಂದುಹೋಗಿದ್ದರು. ಒಮ್ಮೆ ಹೊಸ ಊರಿನ ಹನುಮಪ್ಪನ ದರ್ಶನವೂ ಆಯಿತು. ಹಿನ್ನೀರಿನ ದಂಡೆಯಲ್ಲಿ ನಿಂತು, ಊರು ಯಾವ ಕಡೆಗಿತ್ತು ಎಂದು ಕೇಳಿದರು. ನನಗೂ ಸರಿಯಾಗಿ ತೋರಿಸಲು ಬರಲಿಲ್ಲ. ಪಕ್ಷಮಾಸದ ನನ್ನ ಪಟ್ಟಿಯಲ್ಲಿ ಈಗ ಆ ಅಣ್ಣತಂಗಿಯರ ಹೆಸರುಗಳಿವೆ. ಅವರ ಮಗಳ ಮಕ್ಕಳು ಚೆನ್ನೈಯಲ್ಲಿದ್ದಾರೆ. ಎರಡೂ ಶಾಖೆಗಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಒಂದು ದೊಡ್ಡ ಹಾಳೆಯಲ್ಲಿ ಹೊಸದಾಗಿ ಬರೆದು ಹಿಂದಿನ ವರ್ಷ ಅವರಿಗೆ ಕಳಿಸಿಕೊಟ್ಟೆ. ಎಂಟು ದಿನಗಳ ಮೇಲೆ ಫೋನು ಬಂತು. ಹೆಸರುಗಳೆಲ್ಲ ಸರಿಯಾಗಿವೆ, ಆದರೆ ಅವರಿಗೆ ಕನ್ನಡ ಓದಲು ಬಾರದು;ಊರಿನ ಹೆಸರನ್ನಾದರೂ ತಮಿಳಿನಲ್ಲಿ ಬರೆದು ಕಳಿಸಬೇಕಂತೆ.